ಸೆನ್ಸಾರ್ ಕಚೇರಿಯಿಂದ ಕ್ಯಾಸಲ್‌ರಾಕ್ ಕಾಡಿಗೆ

ವಾಸ್ಕೋದಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರು ದೂಧಸಾಗರ ಜಲಪಾತ ಬಂತೆಂದರೆ ಕಿಟಕಿಗೆ ಮುಗಿಬೀಳುತ್ತಾರೆ. ಜಲಪಾತ ಮರೆಯಾಗಿ, ಸುರಂಗಗಳನ್ನು ದಾಟಿ, ಘಟ್ಟ ಏರಿದ ಮೇಲೆ ಬರುವ ಸ್ಟೇಶನ್ನು ಕ್ಯಾಸಲ್‌ರಾಕ್. ಅಷ್ಟು ಹೊತ್ತಿಗೆ ಎಲ್ಲರೂ ಬುತ್ತಿ ಬಿಚ್ಚಿರುತ್ತಾರೆ. ಹೊರಗೆ ನೋಡುವವರು ಯಾರೂ ಇರುವುದಿಲ್ಲ. ಈ ಕ್ಯಾಸಲ್‌ರಾಕ್ ಈಗ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿಗೆ ಸೇರಿದೆ. ೧೯೬೧ರ ತನಕ ಅದು ಗಡಿಯ ಸ್ಟೇಶನ್ನು. ಇತ್ತ ಭಾರತ, ಅತ್ತ ಪೋರ್ಚುಗೀಸರ ಗೋವಾ. ಆ ಸ್ಟೇಶನ್ನಿನ ಸುತ್ತಣ ದಟ್ಟ ಕಾಡಿನಲ್ಲಿ ಒಬ್ಬ ಗೋವೆಯ ಹೆಣ್ಣುಮಗಳು ವರ್ಷಗಟ್ಟಲೆ ಮರೆಯಲ್ಲಿದ್ದುಕೊಂಡು ಘಟ್ಟದ ಕೆಳಗಿನ ತನ್ನ ಜನರಿಗೆ ರೇಡಿಯೋ ಮೂಲಕ ಸುದ್ದಿ ಮುಟ್ಟಿಸುತ್ತಿದ್ದಳು. ಅವರೇ ಲಿಬಿಯಾ ಲೋಬೋ ಸರ್ದೇಸಾಯಿ.

ಗೋವೆಯ ಮಣ್ಣಿನಲ್ಲಿ ಕನ್ನಡ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ತಿಳಿದಿರಬೇಕೆಂಬುದು ನನ್ನ ಆಸೆ. ಅವರು ಬಂದೂಕು ಹಿಡಿದವರಲ್ಲ. ಬೆರಳಚ್ಚು, ಶೀಘ್ರಲಿಪಿ, ಭಾಷಾಂತರ, ಕಡತ ಜೋಡಿಸುವುದು, ಹೀಗೆ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸಗಳನ್ನು ಕಲಿತವರು. ಆ ಕೆಲಸಗಳೇ ಅವರನ್ನು ಎಲ್ಲಿಂದೆಲ್ಲಿಗೆ ಒಯ್ದುವು ಎಂಬುದು ಈ ಲೇಖನದ ವಿಷಯ.

ಯುದ್ಧವೆಂದರೆ ಮಕ್ಕಳ ಕಣ್ಣ ಮುಂದೆ ಬರುವುದು ಟ್ಯಾಂಕು, ವಿಮಾನ, ಫಿರಂಗಿ. ಆದರೆ ಸೈನ್ಯ ನಡೆಯುವುದು ಕಾಗದದ ಮೇಲೆ. ಒಂದು ದಳ ಇಲ್ಲಿಂದ ಅಲ್ಲಿಗೆ ಹೊರಡಬೇಕಾದರೆ ಆಜ್ಞೆ ಬರೆಯಬೇಕು. ಅದರ ಪ್ರತಿಗಳನ್ನು ತೆಗೆಯಬೇಕು. ಅಕ್ಕಿ, ಹಿಟ್ಟು, ಗುಂಡು, ಬೂಟು ಇವುಗಳ ಲೆಕ್ಕ ಇಡಬೇಕು. ಗುಪ್ತಲಿಪಿಯ ತಂತಿಗಳನ್ನು ಬಿಡಿಸಬೇಕು. ಯಾರು ಸತ್ತರು, ಯಾರು ಸೆರೆಯಾದರು ಎಂಬ ಪಟ್ಟಿ ತಪ್ಪಿಲ್ಲದೆ ಆಗಬೇಕು. ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಎಲ್ಲೋ ದೂರದ ಹಳ್ಳಿಯ ತಾಯಿಗೆ ಬದುಕಿರುವ ಮಗ ಸತ್ತನೆಂಬ ತಂತಿ ಹೋದೀತು. ಬೆರಳಚ್ಚಿನವರ ಜವಾಬ್ದಾರಿ ಅಂಥದು.

ಎರಡನೆಯ ಮಹಾಯುದ್ಧ ೧೯೩೯ರಲ್ಲಿ ಆರಂಭವಾದಾಗ ಭಾರತ ಬ್ರಿಟಿಷರ ಅಧೀನದಲ್ಲಿತ್ತು. ಸಿಪಾಯಿಗಳನ್ನು ರಣರಂಗಕ್ಕೆ ಕಳಿಸಲು ಕಚೇರಿಗಳಿಂದ ಗಂಡಸರನ್ನು ಬಿಡಿಸಬೇಕಾಯಿತು. ಆ ಕುರ್ಚಿಗಳಲ್ಲಿ ಕೂರಲು ಹೆಂಗಸರು ಬೇಕಾದರು. ೧೯೪೨ರಲ್ಲಿ ಭಾರತದಲ್ಲಿ ಮಹಿಳಾ ಸಹಾಯಕ ದಳವೊಂದನ್ನು ಸ್ಥಾಪಿಸಲಾಯಿತು. ಬ್ರಿಟಿಷ್ ಹಾಗೂ ಆಂಗ್ಲೋ ಇಂಡಿಯನ್ ಹೆಂಗಸರೊಂದಿಗೆ ಭಾರತೀಯ ಹೆಣ್ಣುಮಕ್ಕಳೂ ಸಮವಸ್ತ್ರ ತೊಟ್ಟು ಅದರಲ್ಲಿ ಸೇರಿದರು. ಟೆಲಿಫೋನು, ಬೆರಳಚ್ಚು, ಗುಪ್ತಲಿಪಿ, ಉಗ್ರಾಣದ ಲೆಕ್ಕ ಇವು ಅವರ ಕೆಲಸಗಳು. ಯುದ್ಧ ಮುಗಿಯುವಷ್ಟರಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಮೀರಿತ್ತು. ಸಮವಸ್ತ್ರ ತೊಡದೆಯೇ ಯುದ್ಧಕಾಲದ ಸರಕಾರಿ ಕಚೇರಿಗಳಲ್ಲಿ ದುಡಿದವರು ಬೇರೆ. ಮನೆಯಿಂದ ಹೊರಗೆ ಕೆಲಸಕ್ಕೆ ಹೋಗುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಯುದ್ಧವು ಈ ಬಾಗಿಲನ್ನು ತೆರೆಯಿತು ಎಂಬುದನ್ನು ಒಪ್ಪಲೇಬೇಕು.

ಲಿಬಿಯಾ ಅವರು ಹುಟ್ಟಿದ್ದು ೧೯೨೪ರ ಮೇ ೨೫ರಂದು, ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ. ಆ ಕಾಲದ ಎಷ್ಟೋ ಗೋವೆಯ ಸಂಸಾರಗಳಂತೆ ಅವರ ಸಂಸಾರವೂ ಮುಂಬಯಿ ಸೇರಿತು. ಗೋವೆಯಲ್ಲಿ ಉನ್ನತ ವಿದ್ಯೆಗೂ ಉದ್ಯೋಗಕ್ಕೂ ಅವಕಾಶ ಕಡಿಮೆ. ಮುಂಬಯಿಯ ಹಡಗುಗಳು, ಕಚೇರಿಗಳು, ಬ್ಯಾಂಡು ಮೇಳಗಳು ಇವುಗಳಲ್ಲಿ ಗೋವೆಯವರು ತುಂಬಿದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬರುವುದೆಂದರೇನು ಎಂಬುದನ್ನು ನಮ್ಮ ಪಾಲಕರಿಗೆ ನಾನು ವಿವರಿಸಬೇಕಾಗಿಲ್ಲ.

ಯುದ್ಧ ಶುರುವಾದಾಗ ಲಿಬಿಯಾ ಅವರಿಗೆ ಹದಿನೈದು ವರ್ಷ, ಮುಗಿದಾಗ ಇಪ್ಪತ್ತೊಂದು. ಆ ನಡುವೆ ಅವರಿಗೆ ಸಿಕ್ಕಿದ್ದು ಸೆನ್ಸಾರ್ ಕಚೇರಿಯ ಕೆಲಸ. ಇಟಲಿಯ ಯುದ್ಧಕೈದಿಗಳು ಬರೆದ ಬರಹಗಳನ್ನು ಓದಿ ಅವುಗಳ ಅರ್ಥ ಬಿಡಿಸುವುದು ಅವರ ಪಾಲಿಗೆ ಬಂದಿತು. ಇಟಲಿಯ ಸೈನಿಕರು ಭಾರತಕ್ಕೆ ಹೇಗೆ ಬಂದರು ಎಂದು ಕೇಳಬಹುದು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ೧೯೪೦ರ ಕೊನೆಯಲ್ಲೂ ೧೯೪೧ರಲ್ಲೂ ಬ್ರಿಟಿಷ್ ಸೇನೆಗೆ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು ಹಡಗಿನಲ್ಲಿ ಇಲ್ಲಿಗೆ ತಂದು ಶಿಬಿರಗಳಲ್ಲಿ ಇಟ್ಟರು. ಡೆಹ್ರಾಡೂನ್, ಭೋಪಾಲ್, ಯೋಲ್ ಮುಂತಾದೆಡೆ ಶಿಬಿರಗಳಿದ್ದವು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಕಡೆಯೂ ಇದ್ದವು.

ಕೈದಿಗಳಿಗೆ ಮನೆಗೆ ಪತ್ರ ಬರೆಯುವ ಹಕ್ಕಿತ್ತು. ೧೯೨೯ರ ಜಿನೀವಾ ಒಪ್ಪಂದ ಅದನ್ನು ಕೊಟ್ಟಿತ್ತು. ಆದರೆ ಆ ಪತ್ರಗಳು ಸೆನ್ಸಾರಿನ ಕಣ್ಣು ದಾಟಿಯೇ ಹೋಗಬೇಕು. ಶಿಬಿರ ಎಲ್ಲಿದೆ, ಯಾವ ರೈಲು ಎತ್ತ ಹೋಯಿತು, ಬಂದರಿನಲ್ಲಿ ಯಾವ ಹಡಗು ಕಂಡಿತು ಎಂಬ ಮಾತು ಬಂದರೆ ಅಲ್ಲಿಗೆ ಕತ್ತರಿ, ಇಲ್ಲವೆ ಕಪ್ಪು ಶಾಯಿ. ‘ಚಿಕ್ಕಪ್ಪನ ಹಸು ಎರಡು ಕರು ಹಾಕಿತೇ’ ಎಂಬಂಥ ಮಾತು ನಿಜಕ್ಕೂ ಹಸುವಿನದೇ, ಅದರೊಳಗೆ ಬೇರೆ ಸಂಕೇತ ಇದೆಯೇ ಎಂದು ಯೋಚಿಸುವುದೂ ಸೆನ್ಸಾರಿನವರ ಕೆಲಸವೇ. ಇದಕ್ಕೆ ಭಾಷೆ ಗೊತ್ತಿದ್ದರೆ ಸಾಲದು; ಮನುಷ್ಯರು ಹೇಗೆ ಬರೆಯುತ್ತಾರೆ ಎಂಬುದೂ ಗೊತ್ತಿರಬೇಕು. ಪೋರ್ಚುಗೀಸ್ ಬಲ್ಲವರಿಗೆ ಇಟಾಲಿಯನ್ ಪೂರ್ತಿ ಪರಕೀಯವಲ್ಲ. ಎರಡೂ ಲ್ಯಾಟಿನ್ ತಾಯಿಯ ಮಕ್ಕಳು, ಕನ್ನಡ–ತಮಿಳುಗಳ ಹಾಗೆ ಒಂದೇ ಮನೆಯವು.

ಇಷ್ಟು ಎಚ್ಚರ ಬೇಕಿತ್ತೇ ಎಂದು ಅನುಮಾನಪಡುವವರು ನಮ್ಮ ಮುರ್ಮಗೋವಾ ಬಂದರಿನ ಕಥೆಯನ್ನೇ ಕೇಳಬೇಕು. ಆ ಯುದ್ಧದಲ್ಲಿ ಪೋರ್ಚುಗಲ್ ತಟಸ್ಥ ದೇಶ. ಆದ್ದರಿಂದ ಜರ್ಮನಿಯ, ಇಟಲಿಯ ಕೆಲವು ವ್ಯಾಪಾರಿ ಹಡಗುಗಳು ಇಲ್ಲಿ ಆಶ್ರಯ ಪಡೆದು ನಿಂತಿದ್ದವು. ಅವುಗಳಲ್ಲಿ ಎರೆನ್‌ಫೆಲ್ಸ್ ಎಂಬ ಜರ್ಮನ್ ಹಡಗಿನಿಂದ ಗುಪ್ತವಾಗಿ ನಿಸ್ತಂತು ಸಂದೇಶಗಳು ಹೋಗುತ್ತಿವೆ, ಅರಬ್ಬೀ ಸಮುದ್ರದಲ್ಲಿ ಹೋಗಿಬರುವ ಹಡಗುಗಳ ಸುಳಿವು ಜಲಾಂತರ್ಗಾಮಿಗಳಿಗೆ ಸಿಗುತ್ತಿದೆ ಎಂದು ಬ್ರಿಟಿಷರು ನಂಬಿದರು. ೧೯೪೩ರ ಮಾರ್ಚ್ ೯ರ ರಾತ್ರಿ ಕಲಕತ್ತೆಯಿಂದ ಬಂದ ಒಂದು ಚಿಕ್ಕ ತಂಡ ಬಂದರಿನೊಳಕ್ಕೆ ನುಗ್ಗಿ ಆ ಹಡಗಿನ ಮೇಲೆ ದಾಳಿಮಾಡಿತು. ಹಡಗು ಮುಳುಗಿತು. ಉಳಿದ ಹಡಗುಗಳಿಗೆ ಅವುಗಳ ನಾವಿಕರೇ ಬೆಂಕಿಯಿಟ್ಟರು. ವಿಶೇಷವೆಂದರೆ ದಾಳಿ ಮಾಡಿದವರಲ್ಲಿ ಹೆಚ್ಚಿನವರು ನಡುವಯಸ್ಸಿನ ವ್ಯಾಪಾರಸ್ಥರು, ಬಿಡುವಿನ ಸೈನಿಕರು. ಈ ಸಂಗತಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಬರಲಿಲ್ಲ.

ಸೆನ್ಸಾರ್ ಕಚೇರಿಯ ಬಳಿಕ ಲಿಬಿಯಾ ಅವರು ಸ್ಟೆನೋಗ್ರಾಫರ್ ಆಗಿ ದುಡಿದರು. ಆಮೇಲೆ ಮುಂಬಯಿಯ ಆಕಾಶವಾಣಿಯಲ್ಲಿ ಗ್ರಂಥಪಾಲಕಿಯಾದರು. ದುಡಿಯುತ್ತಲೇ ಕಾಲೇಜು ಸೇರಿ ಓದನ್ನು ಮುಂದುವರಿಸಿದರು. ಇಷ್ಟಕ್ಕೆ ನಿಂತಿದ್ದರೆ ಒಳ್ಳೆಯ ಸಂಬಳ, ಮರ್ಯಾದೆಯ ಜೀವನ, ಯಾರೂ ತಪ್ಪೆನ್ನುತ್ತಿರಲಿಲ್ಲ.

ಆದರೆ ೧೯೪೭ರಲ್ಲಿ ಭಾರತ ಸ್ವತಂತ್ರವಾದರೂ ಅವರ ಹುಟ್ಟೂರು ಸ್ವತಂತ್ರವಾಗಲಿಲ್ಲ. ೧೯೪೬ರ ಜೂನ್ ೧೮ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಿಷೇಧ ಮುರಿದು ಸಭೆಗೆ ನಿಂತಾಗ ಚಳವಳಿಗೆ ಹೊಸ ಕಿಡಿ ಬಿದ್ದಿತ್ತು. ಅದಕ್ಕೂ ಮೊದಲಿನಿಂದ ಬರಹದ ಮೂಲಕ ಜನರನ್ನು ಎಬ್ಬಿಸುತ್ತಿದ್ದ ತ್ರಿಸ್ತಾಂವ್ ದ ಬ್ರಗಾಂಜ ಕುನ್ಹಾ ಅವರನ್ನು ಪೋರ್ಚುಗೀಸರು ಹಿಡಿದು ಪೋರ್ಚುಗಲ್ಲಿನ ಪೆನಿಶ್ ಕೋಟೆಯಲ್ಲಿ ಸೆರೆಯಿಟ್ಟಿದ್ದರು. ಅವರು ತಪ್ಪಿಸಿಕೊಂಡು ೧೯೫೩ರಲ್ಲಿ ಮುಂಬಯಿಗೆ ಬಂದರು. ಮುಂಬಯಿಯ ಗೋವನ್ ತರುಣ ತರುಣಿಯರ ಮೇಲೆ ಕುನ್ಹಾ ಅವರ ಪ್ರಭಾವ ಬಹಳ. ಲಿಬಿಯಾ ಅವರೂ ಅದರಿಂದಲೇ ಚಳವಳಿಗೆ ಬಂದರು.

೧೯೫೫ರ ಆಗಸ್ಟ್ ೧೫ರಂದು ದೇಶದ ಮೂಲೆಮೂಲೆಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವೆಯ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅನಂತರ ಭಾರತ ಸರಕಾರ ಗಡಿಯನ್ನು ಮುಚ್ಚಿತು. ಕ್ಯಾಸಲ್‌ರಾಕ್ ಮಾರ್ಗವಾಗಿ ಓಡುತ್ತಿದ್ದ ರೈಲು ನಿಂತಿತು. ಪೋರ್ಚುಗೀಸರನ್ನು ದಣಿಸಲು ಹೀಗೆ ಮಾಡಿದ್ದು ಸರಿಯೇ. ಆದರೆ ಗೋವೆಯ ಒಳಗಿದ್ದ ಸಾಮಾನ್ಯ ಜನ ಇದರಿಂದ ಕತ್ತಲೆಯಲ್ಲಿ ಬಿದ್ದರು. ಹೊರಗಿನ ಪತ್ರಿಕೆ ಒಳಗೆ ಬರದು. ಒಳಗಿನ ಪತ್ರಿಕೆಯ ಪ್ರತಿ ಸಾಲೂ ಸೆನ್ಸಾರಿನ ಕೈ ದಾಟಬೇಕು. ಮದುವೆಯ ಕರೆಯೋಲೆಯನ್ನೂ ಅಧಿಕಾರಿಗೆ ತೋರಿಸಿಯೇ ಅಚ್ಚು ಹಾಕಿಸಬೇಕಿತ್ತೆಂದು ಆ ಕಾಲದವರು ಹೇಳುತ್ತಾರೆ. ರೇಡಿಯೋದಲ್ಲಿ ಕೇಳಿಸುವುದು ಪೋರ್ಚುಗೀಸರ ‘ಎಮಿಸ್ಸೋರಾ ದೆ ಗೋವಾ’ ಮಾತ್ರ; ಅದು ಎಲ್ಲವೂ ಸುಖವಾಗಿದೆಯೆಂದೇ ಸಾರುತ್ತಿತ್ತು.

ಗೋಡೆಗಳನ್ನು ದಾಟುವ ಶಕ್ತಿ ರೇಡಿಯೋ ಅಲೆಗಳಿಗಿತ್ತು. ೧೯೫೪ರಲ್ಲಿ ದಾದ್ರಾ ಮತ್ತು ನಗರ ಹವೇಲಿಯನ್ನು ಸ್ವಾತಂತ್ರ್ಯಯೋಧರು ಬಿಡಿಸಿಕೊಂಡಾಗ ಪೋರ್ಚುಗೀಸರ ನಿಸ್ತಂತು ಯಂತ್ರಗಳು ಅವರ ಕೈಸೇರಿದ್ದವು. ಅವುಗಳನ್ನು ತಿದ್ದಿ ಪ್ರಸಾರಯಂತ್ರವನ್ನಾಗಿ ಮಾಡಿದರು. ಶತ್ರುವಿನ ಯಂತ್ರದಿಂದಲೇ ಶತ್ರುವಿಗೆ ಉತ್ತರ! ಯಂತ್ರವನ್ನು ಟ್ರಕ್ಕಿನಲ್ಲಿಟ್ಟು ೧೯೫೫ರ ನವೆಂಬರ್ ೨೫ರಂದು ಪ್ರಸಾರ ಆರಂಭಿಸಿದರು. ೧೫೧೦ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದದ್ದೂ ನವೆಂಬರ್ ೨೫ರಂದೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ಪೋರ್ಚುಗೀಸಿನಲ್ಲಿ ‘ವೋಜ್ ದ ಲಿಬರ್ದಾದ್’, ಕೊಂಕಣಿಯಲ್ಲಿ ‘ಗೋಂಯಚೆ ಸೊಡವಣೆಚೊ ಆವಾಜ’. ಗೋವೆಯ ವಿಮೋಚನೆಯ ದನಿ ಎಂದು ಅರ್ಥ.

ಇದನ್ನು ನಡೆಸಿದವರು ಬೆರಳೆಣಿಕೆಯಷ್ಟು ಜನ. ವಾಮನ ಸರ್ದೇಸಾಯಿ, ಲಿಬಿಯಾ ಲೋಬೋ, ಮೊದಮೊದಲು ನಿಕೊಲಾವ್ ಮಿನೆಜಿಸ್. ಮೊದಲು ಸಾವಂತವಾಡಿಯ ಮೇಲಣ ಅಂಬೋಲಿ ಘಟ್ಟದ ಕಾಡು, ಆಮೇಲೆ ಕ್ಯಾಸಲ್‌ರಾಕ್ ಕಾಡು. ಆಗ ಉತ್ತರ ಕನ್ನಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ೧೯೫೬ರ ನವೆಂಬರ್ ೧ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಗೋವೆಯ ಈ ಸ್ವಾತಂತ್ರ್ಯದ ದನಿ ಅನೇಕ ವರ್ಷ ಕನ್ನಡ ನೆಲದಿಂದಲೇ ಹೊರಟಿತು ಎನ್ನಲು ನಮಗೆ ಹೆಮ್ಮೆಯಾಗಬೇಕು.

ಆ ಕಾಡಿನ ಮಳೆಗಾಲವನ್ನು ಕಂಡವರಿಗೆ ಗೊತ್ತು. ಜೂನಿನಿಂದ ಸೆಪ್ಟೆಂಬರಿನ ತನಕ ಬಟ್ಟೆ ಒಣಗುವುದಿಲ್ಲ, ಕಾಲಿಗೆ ಜಿಗಣೆ ಹತ್ತದೆ ಹತ್ತು ಹೆಜ್ಜೆ ಇಡುವಂತಿಲ್ಲ, ಹಾವುಗಳು, ಕರಡಿಗಳು. ಅಂಥಲ್ಲಿ ಯಂತ್ರಕ್ಕೆ ನೀರು ತಾಗದಂತೆ, ಕಾಗದಕ್ಕೆ ಬೂಷ್ಟು ಹಿಡಿಯದಂತೆ ಕಾಯಬೇಕು. ತಾವು ಎಲ್ಲಿದ್ದೇವೆಂದು ಯಾರಿಗೂ ತಿಳಿಸುವಂತಿಲ್ಲ. ಮುಂಬಯಿಯ ಆಕಾಶವಾಣಿಯ ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದ ಹೆಣ್ಣುಮಗಳು ಮೂವತ್ತೊಂದನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದು ಆರು ವರ್ಷ ಈ ಕೆಲಸದಲ್ಲಿ ಕಳೆದರು. ಒಂದೆರಡು ದಿನದ ಉಪವಾಸ, ಒಂದು ತಿಂಗಳ ಸೆರೆ ಎಂದರೆ ಮನಸ್ಸು ಗಟ್ಟಿಮಾಡಿಕೊಳ್ಳಬಹುದು. ಯಾವಾಗ ಮುಗಿಯುವುದೆಂದೇ ಗೊತ್ತಿಲ್ಲದ ಆರು ವರ್ಷ ಬೇರೆ ಮಾತು. ನನಗಂತೂ ಅವರ ಜೀವನದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸುದ್ದಿ ಆಯುವುದು, ಬರೆಯುವುದು, ಭಾಷಾಂತರಿಸುವುದು, ಓದುವುದು ಎಲ್ಲ ಈ ಕೆಲವರ ಮೇಲೆಯೇ ಬಿತ್ತು. ಪೋರ್ಚುಗೀಸ್ ರೇಡಿಯೋ ಹೇಳಿದ ಸುಳ್ಳಿಗೆ ಉತ್ತರ, ಭಾರತದ ಸಂಸತ್ತಿನಲ್ಲಿ ಗೋವೆಯ ಬಗ್ಗೆ ನಡೆದ ಚರ್ಚೆ, ಏಷ್ಯ ಆಫ್ರಿಕಗಳ ಬೇರೆ ದೇಶಗಳ ಹೋರಾಟ ಇವನ್ನು ಜನರಿಗೆ ತಿಳಿಸುತ್ತಿದ್ದರು. ೧೯೬೦ರ ಡಿಸೆಂಬರಿನಲ್ಲಿ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕೆಂದು ವಿಶ್ವಸಂಸ್ಥೆ ನಿರ್ಣಯ ಮಾಡಿತು. ೧೯೬೧ರಲ್ಲಿ ಅಂಗೋಲದ ಜನ ಪೋರ್ಚುಗೀಸರ ವಿರುದ್ಧ ಎದ್ದರು. ಲಿಸ್ಬನ್ನಿನಲ್ಲಿ ಸಾಲಜಾರ್ ಆಳುತ್ತಿದ್ದ ಕಾಲದಲ್ಲಿ ಗೋವೆಯವನೊಬ್ಬನಿಗೆ ಇಂಥ ವಿಷಯ ಊರಿನ ಪತ್ರಿಕೆಯಲ್ಲಿ ನೆಟ್ಟಗೆ ಸಿಗುವಂತಿರಲಿಲ್ಲ. ರಾತ್ರಿ ಬಾಗಿಲು ಹಾಕಿಕೊಂಡು ದನಿ ತಗ್ಗಿಸಿ ರೇಡಿಯೋಗೆ ಕಿವಿಹಚ್ಚಿದರೆ ಸಿಗುತ್ತಿತ್ತು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯ ಯೋಚಿಸಬೇಕು. ಪರರ ಪತ್ರಗಳಿಗೆ ಕತ್ತರಿ ಹಾಕುವ ಕಚೇರಿಯಲ್ಲಿ ಕೆಲಸ ಕಲಿತವರೇ ಮುಂದೆ ಸೆನ್ಸಾರನ್ನು ಸೋಲಿಸುವ ಕೆಲಸಕ್ಕೆ ನಿಂತರು. ಇದು ವಿರೋಧವಲ್ಲವೇ? ನನಗೆ ತೋರುವುದು ಹೀಗೆ. ಯುದ್ಧದಲ್ಲಿ ಶತ್ರುವಿಗೆ ಸುಳಿವು ಸಿಗದಂತೆ ಕೆಲವು ಮಾತುಗಳನ್ನು ತಡೆಯುವುದು ಒಂದು. ತನ್ನದೇ ಪ್ರಜೆಗಳಿಗೆ ಅವರದೇ ಊರಿನ ಸತ್ಯ ತಿಳಿಯಬಾರದೆಂದು ಬಾಯಿ ಕಟ್ಟುವುದು ಇನ್ನೊಂದು. ಆದರೂ ಮೊದಲನೆಯದು ಎರಡನೆಯದಾಗಿ ಮಾರ್ಪಡಲು ಹೆಚ್ಚು ಕಾಲ ಬೇಕಾಗುವುದಿಲ್ಲ. ೧೯೪೨ರ ಚಳವಳಿಯ ಸುದ್ದಿಗಳನ್ನು ಇದೇ ಬ್ರಿಟಿಷ್ ಸರಕಾರ ಒತ್ತಿಹಿಡಿದಿರಲಿಲ್ಲವೇ? ಕತ್ತರಿ ಹೇಗೆ ಆಡುತ್ತದೆ ಎಂಬುದನ್ನು ಒಳಗಿನಿಂದ ಕಂಡವರಿಗೆ ಯಾವ ಸುದ್ದಿಯನ್ನು ಜನರಿಂದ ಮುಚ್ಚಿಡಲಾಗುತ್ತಿದೆ ಎಂಬುದು ಬೇಗ ಹೊಳೆಯುತ್ತದೆ.

೧೯೬೧ರ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸ್ ಸಿಪಾಯಿಗಳು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೈನ್ಯ ಜಮಾಯಿಸಿತು. ದಕ್ಷಿಣ ವಿಭಾಗದ ಮುಖ್ಯಸ್ಥರು ಜನರಲ್ ಜೆ. ಎನ್. ಚೌಧುರಿ, ಕಾರ್ಯಾಚರಣೆಯ ಭೂಸೇನೆಯ ನಾಯಕತ್ವ ಮೇಜರ್ ಜನರಲ್ ಕೆ. ಪಿ. ಕಂಡೇತ್ ಅವರದು. ಕಾಡಿನ ರೇಡಿಯೋ ಈಗ ಸೈನ್ಯಕ್ಕೂ ಬೇಕಾಯಿತು. ವ್ಯರ್ಥ ರಕ್ತಪಾತ ಬೇಡ, ಶರಣಾಗಿ ಎಂಬ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಸಂದೇಶವನ್ನು ಪೋರ್ಚುಗೀಸ್ ಗವರ್ನರ್ ಜನರಲ್‌ಗೆ ಕೇಳಿಸಿದ್ದು ಇದೇ ನಿಲಯದ ಮೂಲಕ. ಗುಟ್ಟಿನ ದನಿ ಸರಕಾರದ ದನಿಯಾಯಿತು.

ಡಿಸೆಂಬರ್ ೧೮ರಂದು ಕಾರ್ಯಾಚರಣೆ ಆರಂಭವಾಯಿತು. ಭಾರತದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ನಾಶಮಾಡಿದವು. ಅಂಜದೀವದ ಮೇಲಿನ ದಾಳಿಯಲ್ಲಿ ‘ಮೈಸೂರು’ ಎಂಬ ಹೆಸರಿನ ಯುದ್ಧನೌಕೆಯೂ ಇತ್ತು; ಅಲ್ಲಿ ಭಾರತದ ಏಳು ನಾವಿಕರು ಪ್ರಾಣಕೊಟ್ಟರು. ಕೊನೆಯ ಸಿಪಾಯಿಯ ತನಕ ಹೋರಾಡಬೇಕೆಂದು ಸಾಲಜಾರ್ ಆಜ್ಞೆ ಕಳಿಸಿದ್ದ. ಗವರ್ನರ್ ಜನರಲ್ ವಸ್ಸಾಲೋ ಇ ಸಿಲ್ವಾ ಅದನ್ನು ಪಾಲಿಸಲಿಲ್ಲ. ಡಿಸೆಂಬರ್ ೧೯ರ ರಾತ್ರಿ ಶರಣಾಗತಿಗೆ ಸಹಿ ಹಾಕಿದ. ಇದಕ್ಕಾಗಿ ಅವನ ದೇಶ ಅವನನ್ನು ಸೈನ್ಯದಿಂದಲೇ ಹೊರಹಾಕಿತು. ಸಾಲಜಾರನ ಕಾಲದ ಆಡಳಿತ ೧೯೭೪ರಲ್ಲಿ ಬಿದ್ದ ಮೇಲೆ ಅವನಿಗೆ ಮತ್ತೆ ಮರ್ಯಾದೆ ಸಿಕ್ಕಿತು. ಮುಂದೊಮ್ಮೆ ಅವನು ಗೋವೆಗೆ ಬಂದಾಗ ಇಲ್ಲಿನ ಜನ ಪ್ರೀತಿಯಿಂದಲೇ ಬರಮಾಡಿಕೊಂಡರು. ಹಳೆಯ ಗೋವೆಯ ಇಗರ್ಜಿಗಳೂ ಪಣಜಿಯ ಬೀದಿಗಳೂ ಇಂದು ನಿಂತಿರುವುದಕ್ಕೆ ಆ ವೈರಿಯ ವಿವೇಕವೂ ಒಂದು ಕಾರಣವೆಂದು ಹೇಳುವುದರಲ್ಲಿ ತಪ್ಪಿಲ್ಲ.

ಶರಣಾಗತಿಯಾದ ಮೇಲೂ ಜನಕ್ಕೆ ಸುದ್ದಿ ಮುಟ್ಟಬೇಕಲ್ಲ. ಬಾಂಬೋಳಿಯ ಕೇಂದ್ರ ಮೌನವಾಗಿತ್ತು. ಆಗ ಭಾರತೀಯ ವಾಯುಪಡೆಯ ವಿಮಾನಕ್ಕೆ ಧ್ವನಿವರ್ಧಕ ಕಟ್ಟಿದರು. ಲಿಬಿಯಾ, ವಾಮನ ಇಬ್ಬರೂ ಅದನ್ನೇರಿದರು. ಹೊಲ, ನದಿ, ಇಗರ್ಜಿ, ದೇವಾಲಯಗಳ ಮೇಲೆ ಸುತ್ತುತ್ತ ಪೋರ್ಚುಗೀಸಿನಲ್ಲೂ ಕೊಂಕಣಿಯಲ್ಲೂ ಗೋವಾ ಬಿಡುಗಡೆಯಾಯಿತೆಂದು ಸಾರಿದರು. ಕರಪತ್ರಗಳನ್ನು ಕೆಳಕ್ಕೆ ಸುರಿದರು. ನಾನೂರ ಐವತ್ತೊಂದು ವರ್ಷಗಳ ಆಳ್ವಿಕೆ ಮುಗಿದ ಸುದ್ದಿಯನ್ನು ಎಷ್ಟೋ ಜನ ತಲೆಯೆತ್ತಿ ಆಕಾಶದಿಂದಲೇ ಕೇಳಿದರು. ಆರು ವರ್ಷ ಯಾರ ಕಣ್ಣಿಗೂ ಬೀಳದೆ ಮಾತನಾಡಿದ ದನಿ ಆ ದಿನ ಹಾಡುಹಗಲಲ್ಲಿ ಎಲ್ಲರ ನೆತ್ತಿಯ ಮೇಲಿತ್ತು.

ವಿಮೋಚನೆಯ ನಂತರ ಇಬ್ಬರೂ ವಿವಾಹವಾದರು. ವಾಮನ ಸರ್ದೇಸಾಯಿ ಅವರು ಮುಂದೆ ಅಂಗೋಲದಲ್ಲಿ ಭಾರತದ ರಾಯಭಾರಿಯಾದರು. ಯಾವ ಅಂಗೋಲದ ಹೋರಾಟದ ಸುದ್ದಿಯನ್ನು ಕಾಡಿನಿಂದ ಓದಿದ್ದರೋ ಅದೇ ಅಂಗೋಲ. ಅವರಿಗೆ ೧೯೯೨ರಲ್ಲಿ ಪದ್ಮಶ್ರೀ ದೊರೆಯಿತು; ೧೯೯೪ರಲ್ಲಿ ತೀರಿಕೊಂಡರು. ಲಿಬಿಯಾ ಅವರು ಗೋವೆಯ ಪ್ರವಾಸೋದ್ಯಮ ಇಲಾಖೆಯ ಮೊದಲ ನಿರ್ದೇಶಕಿಯಾಗಿ ದುಡಿದರು. ವಕೀಲಿ ವೃತ್ತಿಯನ್ನೂ ಮಾಡಿದರು. ಅದೇ ಕಾಡಿನಲ್ಲಿ, ಅದೇ ಯಂತ್ರದ ಮುಂದೆ ಪಾಲುದಾರರಾಗಿದ್ದ ಅವರಿಗೆ ಪದ್ಮಶ್ರೀ ಬಂದದ್ದು ೨೦೨೫ರಲ್ಲಿ, ಪತಿಗೆ ಬಂದ ಮೂವತ್ತಮೂರು ವರ್ಷಗಳ ಮೇಲೆ. ಆಗ ಅವರ ವಯಸ್ಸು ನೂರು.